ಮಿಲಿಷಿಯಾ, ಲೆವಿ, ಕಾಂಟಿನೆಂಟಲ್: 1777ರಲ್ಲಿ ಯಾವ ಪಡೆಗೆ ಹೆಸರು ಕೊಡಬೇಕಿತ್ತು?

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಬಾಸ್ಟನ್ ಕಡೆ ಇರುವ ಕನ್ನಡದ ಅಪ್ಪ ಅಮ್ಮಂದಿರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಮಗು ಐದನೇ ಕ್ಲಾಸಿಗೆ ಬಂದಿದೆ. ಬ್ರಿಟಿಷರ ವಿರುದ್ಧ ಅಮೆರಿಕ ನಡೆಸಿದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ: "1777ರಲ್ಲಿ ನೀನು ಇದ್ದಿದ್ದರೆ ಯಾವ ಪಡೆಗೆ ಸೇರುತ್ತಿದ್ದೆ? ಯಾಕೆ?" ಮಗು ಮಿನಿಟ್‌ಮ್ಯಾನ್ ಅನ್ನುತ್ತದೆ. ಅಪ್ಪ ವಾಷಿಂಗ್ಟನ್ ಸೈನ್ಯ ಅನ್ನುತ್ತಾರೆ. ಊರಿನವರ ಪಡೆಯಾದ ಮಿಲಿಷಿಯಾಗೂ ಖಾಯಂ ಸೈನ್ಯಕ್ಕೂ ಇದ್ದ ವ್ಯತ್ಯಾಸ ಇಬ್ಬರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ನನಗೆ ಈ ಪ್ರಶ್ನೆ ತುಂಬ ಇಷ್ಟ. ಯಾಕೆಂದರೆ ಆಗಿನ ಹುಡುಗರ ಮುಂದೆಯೂ ಇದೇ ಪ್ರಶ್ನೆ ಇತ್ತು. ಅಮೆರಿಕದಲ್ಲಿ ಆಗ ಒಂದೇ ಸೈನ್ಯ ಇರಲಿಲ್ಲ. ಊರಿನ ಮಿಲಿಷಿಯಾ, ಕೆಲವು ತಿಂಗಳಿಗೆ ರಾಜ್ಯ ಸೇರಿಸಿಕೊಳ್ಳುವ ಲೆವಿ, ಎಲ್ಲ ರಾಜ್ಯಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿನ ಕಾಂಟಿನೆಂಟಲ್ ಸೈನ್ಯ ಅಂತ ಮೂರು ಪದರ ಇತ್ತು. ಒಬ್ಬನೇ ಮನುಷ್ಯ ಒಂದರಿಂದ ಇನ್ನೊಂದಕ್ಕೆ ಹೋಗಿಬಂದದ್ದೂ ಉಂಟು. ಯಾವುದು ಸರಿ ಅನ್ನುವುದಕ್ಕೆ ಧೈರ್ಯ ಒಂದೇ ಅಳತೆ ಆಗಿರಲಿಲ್ಲ. ಮನೆಯಲ್ಲಿ ಎಷ್ಟು ಜಮೀನಿದೆ, ಉಳುವುದಕ್ಕೆ ಎಷ್ಟು ಕೈ ಇವೆ ಅನ್ನುವುದೇ ಹೆಚ್ಚಾಗಿ ನಿರ್ಧರಿಸುತ್ತಿತ್ತು.

ಮೊದಲು ಯಾವುದನ್ನು ನೋಡಬೇಕು?

ಎಷ್ಟು ದಿನ ಅನ್ನುವುದು ಮೊದಲ ಪ್ರಶ್ನೆ. ಎರಡು ತಿಂಗಳೋ, ಆರು ತಿಂಗಳೋ, ಮೂರು ವರ್ಷವೋ, ಯುದ್ಧ ಮುಗಿಯುವ ತನಕವೋ? ರೈತನ ಮನೆಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಸುಗ್ಗಿ ಕಾಲಕ್ಕೆ ಗಂಡಸು ಮನೆಯಲ್ಲಿ ಇಲ್ಲದಿದ್ದರೆ ಆ ವರ್ಷದ ಕಾಳು ಹೋಯಿತು.

ಎಷ್ಟು ದೂರ ಅನ್ನುವುದು ಎರಡನೆಯದು. ಪಕ್ಕದ ಊರಿನ ಸೇತುವೆ ಕಾಯುವುದು ಒಂದು ಮಾತು, ಕನೆಕ್ಟಿಕಟ್ಟಿನಿಂದ ವರ್ಜೀನಿಯಾ ತನಕ ನಡೆಯುವುದು ಬೇರೆ ಮಾತು. ಆಮೇಲೆ ಕೈಗೆ ಏನು ಸಿಗುತ್ತದೆ ನೋಡಬೇಕು: ಸಂಬಳ, ಸೇರುವಾಗ ಕೊಡುವ ಬೌಂಟಿ ಹಣ, ಭೂಮಿ, ಮುಪ್ಪಿನಲ್ಲಿ ಪಿಂಚಣಿ. ಮೇಲಧಿಕಾರಿ ಯಾರು ಅನ್ನುವುದೂ ಮುಖ್ಯ. ಊರವರೇ ಆರಿಸಿದ ಕ್ಯಾಪ್ಟನ್ನೋ, ಮೇಲಿನಿಂದ ನೇಮಿಸಿದವರೋ? ಕೊನೆಯದಾಗಿ, ಸಾಯುವ ಅಪಾಯ ಎಷ್ಟು? ಇದನ್ನು ಲೆಕ್ಕ ಹಾಕುವಾಗ ಬರೀ ಗುಂಡಿನ ಬಗ್ಗೆ ಯೋಚಿಸಬೇಡಿ. ಆ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರು ಜಾಸ್ತಿ.

ಊರಿನ ಮಿಲಿಷಿಯಾ

ಇದಕ್ಕೆ ಸೇರುವ ಪ್ರಶ್ನೆಯೇ ಇರಲಿಲ್ಲ, ಹುಟ್ಟಿನಿಂದಲೇ ಸೇರಿದ ಹಾಗೆ. ಹೆಚ್ಚಿನ ವಸಾಹತುಗಳಲ್ಲಿ ಸುಮಾರು 16ರಿಂದ 60ರ ವಯಸ್ಸಿನ ಗಟ್ಟಿಮುಟ್ಟಾದ ಬಿಳಿಯ ಗಂಡಸರೆಲ್ಲ ಮಿಲಿಷಿಯಾ ಪಟ್ಟಿಯಲ್ಲಿ ಇರಬೇಕಿತ್ತು. ಕೋವಿ, ಮದ್ದು, ಗುಂಡು ನಿಮ್ಮದೇ. ವರ್ಷದಲ್ಲಿ ಕೆಲವು ದಿನ ಊರಿನ ಬಯಲಿನಲ್ಲಿ ಕವಾಯತು. ಒಂದು ಊರಿಗೆ ಒಂದೋ ಎರಡೋ ಕಂಪನಿ, ಒಂದು ಕೌಂಟಿಯ ಕಂಪನಿಗಳು ಸೇರಿ ಒಂದು ರೆಜಿಮೆಂಟ್. ಮ್ಯಾಸಚೂಸೆಟ್ಸ್ ಕಡೆ ಕಂಪನಿಯವರೇ ತಮ್ಮ ಕ್ಯಾಪ್ಟನ್ನನ್ನು ಆರಿಸುತ್ತಿದ್ದರು. ನಿಮ್ಮ ಪಕ್ಕದಲ್ಲಿ ನಿಲ್ಲುವವನು ನಿಮ್ಮ ಭಾವ, ಎದುರು ಮನೆಯವನು, ನಿಮಗೆ ಸಾಲ ಕೊಟ್ಟವನು.

ಮಿನಿಟ್‌ಮ್ಯಾನ್ ಕಥೆ ಇಲ್ಲೇ ಬರುತ್ತದೆ. 1774ರ ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸಿನ ಪ್ರಾಂತೀಯ ಕಾಂಗ್ರೆಸ್, ಮಿಲಿಷಿಯಾದ ನಾಲ್ಕರಲ್ಲೊಂದು ಪಾಲು ಕರೆದ ಕೂಡಲೇ ಹೊರಡುವಂತೆ ಸಿದ್ಧವಾಗಿರಲಿ ಅಂದಿತು. ಅವರೇ ಮಿನಿಟ್‌ಮೆನ್. ಆದರೆ 1775ರಲ್ಲೇ ಅವರೆಲ್ಲ ಬಾಸ್ಟನ್ ಸುತ್ತ ನಿಂತ ಸೈನ್ಯದಲ್ಲಿ ಕರಗಿಹೋದರು. ಮಗು ಪ್ರಾಜೆಕ್ಟಿನಲ್ಲಿ 1777 ಅಂತ ಬರೆಯಬೇಕಿದ್ದರೆ ಮ್ಯಾಸಚೂಸೆಟ್ಸಿನ ಮಿನಿಟ್‌ಮ್ಯಾನ್ ಆಯ್ಕೆಯೇ ಇರುವುದಿಲ್ಲ. ಇನ್ನೊಂದು ವಿಷಯ. 1775ರ ಏಪ್ರಿಲ್ 19ರ ಬೆಳಗ್ಗೆ ಲೆಕ್ಸಿಂಗ್ಟನ್ ಬಯಲಿನಲ್ಲಿ ಕ್ಯಾಪ್ಟನ್ ಜಾನ್ ಪಾರ್ಕರ್ ಜೊತೆ ನಿಂತ ಸುಮಾರು 77 ಜನ ಕೂಡ ಮಿನಿಟ್‌ಮೆನ್ ಅಲ್ಲ, ಊರಿನ ಸಾಮಾನ್ಯ ಮಿಲಿಷಿಯಾ. ಅವತ್ತು ಅಲ್ಲಿ 8 ಜನ ಸತ್ತರು. ಅವರ ಮನೆಯವರು ಬಾಗಿಲಿನಲ್ಲಿ ನಿಂತರೆ ಕಾಣುವಷ್ಟು ದೂರದಲ್ಲಿ.

1777ರ ಹೊತ್ತಿಗೆ ಮಿಲಿಷಿಯಾ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಪೆನ್ಸಿಲ್ವೇನಿಯಾ ಒಳ್ಳೆಯ ಉದಾಹರಣೆ. ಆ ವರ್ಷದ ಮಾರ್ಚಿನಲ್ಲಿ ಬಂದ ಕಾನೂನು 18ರಿಂದ 53 ವರ್ಷದವರನ್ನು ಪಟ್ಟಿಗೆ ಹಾಕಿತು. ಪ್ರತಿ ಕಂಪನಿಯನ್ನೂ ಎಂಟು ಕ್ಲಾಸುಗಳಾಗಿ ಒಡೆದರು. ಅಗತ್ಯ ಬಿದ್ದಾಗ ಒಂದನೇ ಕ್ಲಾಸನ್ನು ಕರೆಯುವುದು, ಅವರ ಎರಡು ತಿಂಗಳು ಮುಗಿದರೆ ಎರಡನೇ ಕ್ಲಾಸು, ಹೀಗೆ ಸರದಿ. ಊರು ಒಮ್ಮೆಗೇ ಖಾಲಿ ಆಗುವುದಿಲ್ಲ. ಉಳುಮೆ ನಿಲ್ಲುವುದಿಲ್ಲ. ಹೋಗಲು ಆಗದಿದ್ದರೆ ಬದಲಿ ಆಳನ್ನು ಕಳಿಸಬಹುದು, ಇಲ್ಲವೇ ದಂಡ ಕಟ್ಟಬೇಕು. ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದವರಿಗೂ ಆ ದಂಡ ಬೀಳುತ್ತಿತ್ತು.

ತೊಂದರೆ ಏನೆಂದರೆ, ಎರಡು ತಿಂಗಳಲ್ಲಿ ಯಾರೂ ಸೈನಿಕ ಆಗುವುದಿಲ್ಲ. ಬಯಲು ಕಾಳಗದಲ್ಲಿ ಬ್ರಿಟಿಷರು ಬಯನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಕತ್ತಿ) ಹಿಡಿದು ಸಾಲಾಗಿ ಮುಂದೆ ಬಂದರೆ ಎದುರು ನಿಲ್ಲುವುದಕ್ಕೆ ಅಭ್ಯಾಸ ಬೇಕು. ಮಿಲಿಷಿಯಾದ ಎಷ್ಟೋ ಕೋವಿಗಳಿಗೆ ಬಯನೆಟ್ ಕೂಡ ಇರಲಿಲ್ಲ. 1780ರ ಆಗಸ್ಟ್ 16ರಂದು ದಕ್ಷಿಣ ಕೆರೊಲೈನಾದ ಕ್ಯಾಮ್ಡೆನ್‌ನಲ್ಲಿ ವರ್ಜೀನಿಯಾ, ಉತ್ತರ ಕೆರೊಲೈನಾ ಮಿಲಿಷಿಯಾಗಳನ್ನು ಎಡಗಡೆ ಸಾಲಿನಲ್ಲಿ ನಿಲ್ಲಿಸಿದರು. ಬಯನೆಟ್ ಕಂಡದ್ದೇ ತಡ, ಹೆಚ್ಚಿನವರು ಕೋವಿ ಬಿಸಾಕಿ ಓಡಿದರು. ಮೇರಿಲ್ಯಾಂಡ್, ಡೆಲವೇರ್‌ನ ಖಾಯಂ ಸೈನಿಕರು ಒಬ್ಬಂಟಿಯಾಗಿ ನಿಂತು ಸತ್ತರು. ವಾಷಿಂಗ್ಟನ್ 1776ರಲ್ಲೇ ಕಾಂಗ್ರೆಸ್ಸಿಗೆ ಬರೆದಿದ್ದರು, ಮಿಲಿಷಿಯಾ ನಂಬುವುದು ಮುರಿದ ಊರುಗೋಲಿನ ಮೇಲೆ ಭಾರ ಹಾಕಿದ ಹಾಗೆ ಅಂತ.

ಆದರೂ ಮಿಲಿಷಿಯಾ ಬರೀ ಓಡುವವರ ಗುಂಪು ಅಂತ ಬರೆದರೆ ಅನ್ಯಾಯ. 1780ರ ಅಕ್ಟೋಬರಿನಲ್ಲಿ ಕಿಂಗ್ಸ್ ಮೌಂಟನ್ ಕಾಳಗ ಗೆದ್ದದ್ದು ಪೂರ್ತಿ ಮಿಲಿಷಿಯಾದವರೇ. 1777ರ ಚಳಿಗಾಲದಲ್ಲಿ ನ್ಯೂಜೆರ್ಸಿಯಲ್ಲಿ ಬ್ರಿಟಿಷರು ಹುಲ್ಲು, ಧಾನ್ಯ ತರಲು ಹೊರಟಾಗಲೆಲ್ಲ ಬೇಲಿ ಮರೆಯಿಂದ ಹೊಡೆದವರಲ್ಲಿ ಊರಿನ ಮಿಲಿಷಿಯಾದವರು ಎಷ್ಟೋ ಜನ. ರಾಜನ ಪರ ಇದ್ದ ನೆರೆಯವರನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದೂ ಅವರೇ. ಬ್ರಿಟಿಷರಿಗೆ ಊರುಗಳನ್ನು ಹಿಡಿಯುವುದು ಸುಲಭವಾಗಿತ್ತು. ಹಿಡಿದ ಊರನ್ನು ಬಿಟ್ಟು ಮುಂದಿನ ಊರಿಗೆ ಹೋದ ಮೇಲೆ ಹಿಂದಿನದು ಕೈಯಲ್ಲಿ ಉಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ಮಿಲಿಷಿಯಾ.

ಲೆವಿ, ರಾಜ್ಯದ ಪಡೆ

ಇದು ನಡುವಿನ ದಾರಿ. ಐದಾರು ತಿಂಗಳಿಗೋ ಒಂದು ವರ್ಷಕ್ಕೋ ರಾಜ್ಯ ಸರ್ಕಾರ ಸೇರಿಸಿಕೊಳ್ಳುತ್ತಿತ್ತು. ಮಿಲಿಷಿಯಾಕ್ಕಿಂತ ಜಾಸ್ತಿ ಕವಾಯತು, ಕಾಂಟಿನೆಂಟಲ್ಲಿಗಿಂತ ಕಡಿಮೆ ಅವಧಿ. ಬೆಚ್ಚಗೆ ಮನೆಯಲ್ಲೂ ಇರಲಾರೆ, ಪೂರ್ತಿ ಸೈನಿಕನೂ ಆಗಲಾರೆ ಅನ್ನುವ ಹುಡುಗನಿಗೆ ಹೇಳಿ ಮಾಡಿಸಿದ್ದು.

ಕನೆಕ್ಟಿಕಟ್ಟಿನ ಜೋಸೆಫ್ ಪ್ಲಂಬ್ ಮಾರ್ಟಿನ್ ಹೀಗೇ ಮಾಡಿದ. 1776ರ ಬೇಸಿಗೆಯಲ್ಲಿ, 15ನೇ ವಯಸ್ಸಿಗೆ, ಆರು ತಿಂಗಳ ಲೆವಿಗೆ ಹೆಸರು ಕೊಟ್ಟ. ಸೈನ್ಯ ಹೇಗಿರುತ್ತದೆ ಅಂತ ಸ್ವಲ್ಪ ರುಚಿ ನೋಡುವುದು ಅವನ ಆಸೆ. ನ್ಯೂಯಾರ್ಕ್ ಸುತ್ತಲಿನ ಸೋಲುಗಳನ್ನೆಲ್ಲ ಕಂಡು ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಬಂದ. 1777ರ ಏಪ್ರಿಲಿನಲ್ಲಿ ಮತ್ತೆ ಹೋದ. ಈ ಸಲ ಕಾಂಟಿನೆಂಟಲ್ ಸೈನ್ಯಕ್ಕೆ, ಯುದ್ಧ ಮುಗಿಯುವ ತನಕ.

ಲೆವಿಯ ದೊಡ್ಡ ದೋಷ ಕ್ಯಾಲೆಂಡರ್. 1776ರಲ್ಲಿ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳಿಂದ 10,000 ಜನರ 'ಫ್ಲೈಯಿಂಗ್ ಕ್ಯಾಂಪ್' ಕಟ್ಟಲು ಕಾಂಗ್ರೆಸ್ ಹೇಳಿತು. ಅವಧಿ ಡಿಸೆಂಬರ್ 1ರ ತನಕ. ಅಷ್ಟು ಜನ ಸೇರಲೇ ಇಲ್ಲ. ಸೇರಿದವರ ಅವಧಿ ಮುಗಿಯುವ ಹೊತ್ತಿಗೆ ವಾಷಿಂಗ್ಟನ್ ಸೋತು ನ್ಯೂಜೆರ್ಸಿ ಉದ್ದಕ್ಕೂ ಹಿಂದೆ ಸರಿಯುತ್ತಿದ್ದರು. ಈಗ ನಮ್ಮವರು ತುಂಬಿರುವ ಎಡಿಸನ್ ಪಕ್ಕದ ನ್ಯೂಬ್ರನ್ಸ್‌ವಿಕ್‌ನಲ್ಲಿ, ಬ್ರಿಟಿಷರು ಬೆನ್ನ ಹಿಂದೆಯೇ ಇರುವಾಗ, ಸುಮಾರು ಎರಡು ಸಾವಿರ ಜನ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೊರಟರು. ಅವರು ಮಾತಿಗೆ ತಪ್ಪಿರಲಿಲ್ಲ. ಒಪ್ಪಿಕೊಂಡಿದ್ದ ದಿನಗಳು ಮುಗಿದಿದ್ದವು.

ಕಾಂಟಿನೆಂಟಲ್ ಸೈನ್ಯ

1775ರ ಜೂನ್ 14ರಂದು ಕಾಂಗ್ರೆಸ್ ಇದನ್ನು ಶುರುಮಾಡಿತು. ಮೊದಲಿಗೆ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳಿಂದ 10 ರೈಫಲ್ ಕಂಪನಿ. ಮಾರನೇ ದಿನ ವಾಷಿಂಗ್ಟನ್ ಸೇನಾಪತಿ. 1776ರ ಲೆಕ್ಕದಲ್ಲಿ ಒಂದು ಕಾಲ್ದಳ ರೆಜಿಮೆಂಟ್ ಅಂದರೆ ಎಂಟು ಕಂಪನಿ. ಪ್ರತಿ ಕಂಪನಿಗೆ ಒಬ್ಬ ಕ್ಯಾಪ್ಟನ್, ಇಬ್ಬರು ಲೆಫ್ಟಿನೆಂಟ್, ಒಬ್ಬ ಎನ್‌ಸೈನ್ (ಎಲ್ಲಕ್ಕಿಂತ ಕಿರಿಯ ಅಧಿಕಾರಿ), ನಾಲ್ವರು ಸಾರ್ಜೆಂಟ್, ನಾಲ್ವರು ಕಾರ್ಪೊರಲ್, ಡೋಲು ಮತ್ತು ಕೊಳಲಿನವರು ಇಬ್ಬರು, 76 ಸಾಮಾನ್ಯ ಸೈನಿಕರು. ಕರ್ನಲ್ ಮತ್ತಿತರ ರೆಜಿಮೆಂಟ್ ಅಧಿಕಾರಿಗಳನ್ನೂ ಕೂಡಿಸಿದರೆ 728 ಜನ. ಇದು ಕಾಗದದ ಮೇಲೆ. ನಿಜದಲ್ಲಿ ಅದರ ಅರ್ಧ ಇದ್ದರೂ ಕರ್ನಲ್ಲಿಗೆ ಖುಷಿ.

ಮೊದಲು ಇಲ್ಲೂ ಒಂದು ವರ್ಷದ ಅವಧಿಯೇ ಇತ್ತು. 1776ರ ಡಿಸೆಂಬರ್ 31ಕ್ಕೆ ಹೆಚ್ಚಿನವರ ಅವಧಿ ಮುಗಿಯುತ್ತಿತ್ತು. ನ್ಯೂಜೆರ್ಸಿಯ ಟ್ರೆಂಟನ್ ಕಾಳಗ ಗೆದ್ದ ಮೇಲೂ ವಾಷಿಂಗ್ಟನ್, ಇನ್ನು ಆರು ವಾರ ನಿಲ್ಲಿ, ತಲೆಗೆ 10 ಡಾಲರ್ ಕೊಡುತ್ತೇನೆ ಅಂತ ಬೇಡಿಕೊಳ್ಳಬೇಕಾಯಿತು. ಇಂಥ ಪರಿಸ್ಥಿತಿ ಬರುತ್ತದೆ ಅಂತ ಗೊತ್ತಾಗಿಯೇ 1776ರ ಸೆಪ್ಟೆಂಬರ್ 16ರಂದು ಕಾಂಗ್ರೆಸ್ 88 ಬೆಟಾಲಿಯನ್ (ಅಂದರೆ ರೆಜಿಮೆಂಟ್) ಕಟ್ಟಲು ತೀರ್ಮಾನಿಸಿತ್ತು. ಮ್ಯಾಸಚೂಸೆಟ್ಸಿಗೆ 15, ವರ್ಜೀನಿಯಾಕ್ಕೆ 15, ಪೆನ್ಸಿಲ್ವೇನಿಯಾಕ್ಕೆ 12, ಪುಟ್ಟ ಡೆಲವೇರಿಗೆ ಒಂದು. ಆದ್ದರಿಂದ ನಿಮ್ಮ ಮಗು 'ವಾಷಿಂಗ್ಟನ್ ಸೈನ್ಯ' ಅಂತ ಬರೆದರೆ ಸಾಲದು. ಯಾವ ರಾಜ್ಯದ ಲೈನ್, ಅಂದರೆ ಯಾವ ರಾಜ್ಯ ಕೊಟ್ಟ ರೆಜಿಮೆಂಟುಗಳು, ಅಂತ ಬರೆಯಬೇಕು. ಸೈನ್ಯ ಕಾಂಗ್ರೆಸ್ಸಿನದು, ಆದರೆ ಜನರನ್ನು ಕೊಡುವವರು ರಾಜ್ಯಗಳು.

ಈಗ ಕೈಗೆ ಸಿಗುವ ಲೆಕ್ಕ. ಸಾಮಾನ್ಯ ಸೈನಿಕನಿಗೆ ತಿಂಗಳಿಗೆ ಆರೂ ಮುಕ್ಕಾಲಿಗೆ ಒಂಚೂರು ಕಮ್ಮಿ ಡಾಲರ್. ಸೇರುವಾಗ 20 ಡಾಲರ್ ಬೌಂಟಿ, ಅಂದರೆ ಮೂರು ತಿಂಗಳ ಸಂಬಳ ಒಟ್ಟಿಗೆ. ಯುದ್ಧ ಮುಗಿಯುವ ತನಕ ಅಂತ ಸಹಿ ಹಾಕಿದರೆ 100 ಎಕರೆ ಭೂಮಿ ಕೂಡ. ಮೂರೇ ವರ್ಷಕ್ಕೆ ಅಂದರೆ ಬೌಂಟಿ ಮಾತ್ರ, ಭೂಮಿ ಇಲ್ಲ. ಇದರ ಮೇಲೆ ರಾಜ್ಯವೋ ಊರೋ ಇನ್ನಷ್ಟು ಹಣ ಸೇರಿಸುತ್ತಿತ್ತು. ಸ್ವಂತ ಜಮೀನಿಲ್ಲದ ಎರಡನೇ ಮಗನಿಗೆ, ಕೂಲಿಯವನಿಗೆ, ಐರ್ಲೆಂಡಿನಿಂದ ಹೊಸದಾಗಿ ಬಂದಿಳಿದವನಿಗೆ 100 ಎಕರೆ ಅಂದರೆ ಕನಸು, ಅಲ್ವಾ? 1777ರ ನಂತರದ ಕಾಂಟಿನೆಂಟಲ್ ಸಾಲುಗಳಲ್ಲಿ ನಿಂತವರು ಹೆಚ್ಚಾಗಿ ಇಂಥವರೇ.

ಊಟದ ಪಟ್ಟಿ ಓದಿದರೆ ಇನ್ನೂ ಆಸೆ ಹುಟ್ಟುತ್ತದೆ. 1775ರ ನವೆಂಬರಿನಲ್ಲಿ ಕಾಂಗ್ರೆಸ್ ನಿಗದಿ ಮಾಡಿದ ಪ್ರಕಾರ ದಿನಕ್ಕೆ ಒಂದು ಪೌಂಡ್ ದನದ ಮಾಂಸ, ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು, ಒಂದು ಪೈಂಟ್ ಹಾಲು, ವಾರಕ್ಕೆ ಮೂರು ಪೈಂಟ್ ಬಟಾಣಿ ಅಥವಾ ಬೀನ್ಸ್. ಈಗ ನಿಜಕ್ಕೆ ಬನ್ನಿ. 1777ರ ಡಿಸೆಂಬರ್ 18 ಕೃತಜ್ಞತೆಯ ಹಬ್ಬ ಅಂತ ಕಾಂಗ್ರೆಸ್ ಸಾರಿತ್ತು. ಎರಡು ದಿನದಿಂದ ಹೊಟ್ಟೆಗೆ ಹೆಚ್ಚೇನೂ ಇರಲಿಲ್ಲ. ಆ ಹಬ್ಬಕ್ಕೆ ಮಾರ್ಟಿನ್‌ಗೆ ಸಿಕ್ಕಿದ್ದು ಒಂದು ಹಿಡಿ ಅಕ್ಕಿ, ಒಂದು ಚಮಚ ವಿನೆಗರ್. ಮರುದಿನ ಸೈನ್ಯ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್‌ನ ಚಳಿಗಾಲದ ಶಿಬಿರ ತಲುಪಿತು.

ವ್ಯಾಲಿ ಫೋರ್ಜ್‌ನಲ್ಲಿ ಸೈನಿಕರು ಇದ್ದಂಥ ಗುಡಿಸಲುಗಳನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ಒಳಗೆ ನಿಲ್ಲಿಸಿ. ನಾನು ನಿಂತು ನೋಡಿದ್ದೇನೆ. 14 ಅಡಿ ಅಗಲ, 16 ಅಡಿ ಉದ್ದ. ನೆಲ ಬರೀ ಮಣ್ಣು. ಮೂಲೆಮೂಲೆಗೆ ಒಂದರ ಮೇಲೊಂದು ಮೂರು ಹಲಗೆ ಮಂಚ, ಹಿಂದೆ ಒಂದು ಒಲೆ. ಇಷ್ಟರಲ್ಲಿ 12 ಜನ. ಒಬ್ಬನಿಗೆ ಜ್ವರ ಬಂದರೆ ಉಳಿದ 11 ಜನರಿಗೆ ತಗಲುವುದಕ್ಕೆ ಎಷ್ಟು ಹೊತ್ತು? ಆ ಶಿಬಿರದಲ್ಲಿ ಸುಮಾರು ಎರಡು ಸಾವಿರ ಜನ ಸತ್ತರು. ಅಲ್ಲಿ ಒಂದು ಯುದ್ಧವೂ ನಡೆದಿರಲಿಲ್ಲ. ಒಂದು ಒಳ್ಳೆಯ ಮಾತೂ ಹೇಳಬೇಕು. 1777ರ ಆರಂಭದಲ್ಲಿ ವಾಷಿಂಗ್ಟನ್ ಸೈನಿಕರಿಗೆಲ್ಲ ಸಿಡುಬಿನ ಚುಚ್ಚು ಹಾಕಿಸಲು ಆಜ್ಞೆ ಕೊಟ್ಟಿದ್ದರು. ಊರಿನಲ್ಲಿ ಎಲ್ಲರಿಗೂ ಸಿಗದಿದ್ದ ರಕ್ಷಣೆ ಅದು.

ಅದೇ ಚಳಿಗಾಲದ ಕೊನೆಗೆ ಸ್ಟೊಯ್‌ಬೆನ್ ಬಂದರು. ಇಂಗ್ಲಿಷ್ ಅಷ್ಟಕ್ಕಷ್ಟೇ ಬರುತ್ತಿದ್ದ ಆ ಪ್ರಶ್ಯದ ಅಧಿಕಾರಿ ಮೊದಲು ಒಂದು ಮಾದರಿ ತುಕಡಿಗೆ ತಾವೇ ಕವಾಯತು ಕಲಿಸಿದರು. ಆ ತುಕಡಿಯವರು ಉಳಿದವರಿಗೆ ಕಲಿಸಿದರು. ಮಿಲಿಷಿಯಾಕ್ಕೂ ಕಾಂಟಿನೆಂಟಲ್ಲಿಗೂ ನಡುವಿನ ಅಂತರ ನಿಜವಾಗಿ ದೊಡ್ಡದಾಗಿದ್ದು ಅಲ್ಲಿಂದ.

ಸಹಿ ಹಾಕುವ ಮೊದಲು ಎರಡು ಎಚ್ಚರಿಕೆ. ಒಂದು, ಹಣ. ಸಂಬಳ ಕಾಗದದ ನೋಟಿನಲ್ಲಿ ಬರುತ್ತಿತ್ತು, ಅದೂ ತಿಂಗಳುಗಟ್ಟಲೆ ತಡವಾಗಿ. 1780ರ ಮಾರ್ಚಿನಲ್ಲಿ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಅಂತ ಕಾಂಗ್ರೆಸ್ಸೇ ಒಪ್ಪಿಕೊಂಡಿತು. 100 ಎಕರೆಯ ಪತ್ರವನ್ನು ಎಷ್ಟೋ ಜನ ಹೊಟ್ಟೆಪಾಡಿಗೆ ಅಗ್ಗಕ್ಕೆ ಮಾರಿಬಿಟ್ಟರು. ಎರಡು, ಕರಾರಿನ ಮಾತು. ಪೆನ್ಸಿಲ್ವೇನಿಯಾ ಲೈನಿನ ಎಷ್ಟೋ ಜನ 'ಮೂರು ವರ್ಷ ಅಥವಾ ಯುದ್ಧ ಮುಗಿಯುವ ತನಕ' ಅಂತ ಸಹಿ ಹಾಕಿದ್ದರು. ಯಾವುದು ಮೊದಲು ಬರುತ್ತದೋ ಅದು ಅಂತ ಸೈನಿಕರು ತಿಳಿದರು. ಯಾವುದು ಕೊನೆಗೆ ಬರುತ್ತದೋ ಅದು ಅಂತ ಅಧಿಕಾರಿಗಳು ಹೇಳಿದರು. 1781ರ ಜನವರಿ 1ರಂದು ಮಾರಿಸ್‌ಟೌನ್‌ನಲ್ಲಿ ಅವರು ದಂಗೆ ಎದ್ದರು. ಕೊನೆಗೆ ಸಾವಿರಕ್ಕೂ ಹೆಚ್ಚು ಜನರನ್ನು ಬಿಡಬೇಕಾಯಿತು.

ಇನ್ನೊಂದು ಗುಂಪಿಗೆ ಲೆಕ್ಕವೇ ಬೇರೆ. ಹೆಚ್ಚಿನ ಕಡೆ ಮಿಲಿಷಿಯಾ ಕಾನೂನು ಕರಿಯರನ್ನು ಹೊರಗಿಟ್ಟಿತ್ತು. ಕಾಂಟಿನೆಂಟಲ್ ಸೈನ್ಯದಲ್ಲಿ ಜನರ ಕೊರತೆ ಆ ಬಾಗಿಲನ್ನು ಸ್ವಲ್ಪ ತೆರೆಯಿತು. 1778ರಲ್ಲಿ ರೋಡ್ ಐಲೆಂಡ್, ಸೈನ್ಯ ಸೇರುವ ಗುಲಾಮನಿಗೆ ಬಿಡುಗಡೆ ಅಂತ ಕಾನೂನು ಮಾಡಿತು. ಅಂಥವನಿಗೆ 20 ಡಾಲರ್, 100 ಎಕರೆಯ ಮಾತು ಆಮೇಲಿನದು. ತನ್ನ ಮೈ ತನ್ನದಾಗುವುದೇ ಬೌಂಟಿ. ನನ್ನ ಮಟ್ಟಿಗೆ, ಪ್ರಾಜೆಕ್ಟಿಗೆ ಇದಕ್ಕಿಂತ ಗಟ್ಟಿಯಾದ 'ಯಾಕೆ' ಸಿಗುವುದಿಲ್ಲ.

ಫಿರಂಗಿದಳ, ಕುದುರೆದಳ, ರೈಫಲ್ ಪಡೆಗಳೂ ಇದ್ದವು. ರೈಫಲ್ ದೂರದ ಗುರಿಗೆ ಚೆನ್ನ, ಆದರೆ ಮಸ್ಕೆಟ್ಟಿಗಿಂತ ನಿಧಾನ, ಬಯನೆಟ್ಟೂ ಸಿಕ್ಕಿಸಲು ಆಗುವುದಿಲ್ಲ. ಕಡಲ ತೀರದ ಹುಡುಗರು ಇವೆಲ್ಲ ಬಿಟ್ಟು ಹಡಗು ಹತ್ತುತ್ತಿದ್ದರು. 1782ರ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಮೈಸೂರಿನ ಹೈದರನೇ.

ಎರಡೂ ಒಟ್ಟಿಗೆ ಕೆಲಸ ಮಾಡಿದಾಗ

ಯಾವುದು ನಿಜವಾದ ಸೈನ್ಯ ಅಂತ ಮಗು ಕೇಳಿದರೆ 1781ರ ಜನವರಿ 17ರಂದು ದಕ್ಷಿಣ ಕೆರೊಲೈನಾದಲ್ಲಿ ನಡೆದ ಕೌಪೆನ್ಸ್ ಕಾಳಗವನ್ನು ತೋರಿಸಿ. ಅಮೆರಿಕದ ಕಡೆಯ ಸೇನಾನಿ ಡೇನಿಯಲ್ ಮಾರ್ಗನ್ ತನ್ನ ಬಳಿ ಇದ್ದವರು ಎಂಥವರು ಅಂತ ಚೆನ್ನಾಗಿ ಬಲ್ಲ. ಹಿಂದಿನ ರಾತ್ರಿ ಒಂದು ಬೆಂಕಿಯಿಂದ ಇನ್ನೊಂದಕ್ಕೆ ಹೋಗಿ ಮಿಲಿಷಿಯಾದವರ ಜೊತೆ ಕೂತು ಮಾತಾಡಿದ. ಕೊನೆ ತನಕ ನಿಲ್ಲಿ ಅಂತ ಕೇಳಲಿಲ್ಲ. ಎರಡು ಮೂರು ಸಲ ಗುರಿಯಿಟ್ಟು ಹೊಡೆಯಿರಿ, ಆಮೇಲೆ ಹಿಂದೆ ಬನ್ನಿ, ಅಷ್ಟು ಸಾಕು ಅಂದ.

ಬೆಳಗ್ಗೆ ಮುಂದೆ ರೈಫಲಿನವರು, ಅವರ ಹಿಂದೆ ಆಂಡ್ರ್ಯೂ ಪಿಕೆನ್ಸ್‌ನ ಮಿಲಿಷಿಯಾ, ಅವರ ಹಿಂದೆ ಜಾನ್ ಈಗರ್ ಹೋವರ್ಡ್‌ನ ಕಾಂಟಿನೆಂಟಲ್ ಸಾಲು, ಎಲ್ಲರ ಹಿಂದೆ ದಿಣ್ಣೆಯ ಮರೆಯಲ್ಲಿ ಕುದುರೆದಳ. ಮಿಲಿಷಿಯಾದವರು ಹೇಳಿದಷ್ಟು ಹೊಡೆದು ಹಿಂದೆ ಸರಿದರು. ಬ್ರಿಟಿಷ್ ಅಧಿಕಾರಿ ಟಾರ್ಲ್‌ಟನ್ ಇದನ್ನು ಓಟ ಅಂದುಕೊಂಡು ನುಗ್ಗಿದ. ಎದುರಿಗೆ ಸಿಕ್ಕಿದ್ದು ಕದಲದ ಸಾಲು. ಆ ಸಾಲು ತೀರ ಹತ್ತಿರದಿಂದ ಹೊಡೆದು ಬಯನೆಟ್ ಹಿಡಿದು ನುಗ್ಗಿತು. ಕುದುರೆದಳ ಒಂದು ಬದಿಯಿಂದ, ಮತ್ತೆ ಗುಂಪುಗೂಡಿದ ಮಿಲಿಷಿಯಾ ಇನ್ನೊಂದು ಬದಿಯಿಂದ ಬಂದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಸುಮಾರು 1,100 ಜನರ ಬ್ರಿಟಿಷ್ ಪಡೆಯಲ್ಲಿ ಹೆಚ್ಚಿನವರು ಸತ್ತರು, ಇಲ್ಲ ಸೆರೆ ಸಿಕ್ಕರು.

ಟಾರ್ಲ್‌ಟನ್‌ನ ಮೇಲಧಿಕಾರಿ ಕಾರ್ನ್‌ವಾಲಿಸ್ ಅದೇ ವರ್ಷ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ. ಹತ್ತೇ ವರ್ಷದಲ್ಲಿ, 1791ರಲ್ಲಿ, ಬೆಂಗಳೂರು ಕೋಟೆ ಹಿಡಿದು ಮರುವರ್ಷ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತವನೂ ಅವನೇ.

ಯುದ್ಧ ಮುಗಿದ ಮೇಲೆ ಕಾಂಗ್ರೆಸ್ ಖಾಯಂ ಸೈನ್ಯಕ್ಕೇ ಹೆದರಿತು. 1784ರ ಜೂನಿನಲ್ಲಿ ಫೋರ್ಟ್ ಪಿಟ್‌ನಲ್ಲಿ 25, ವೆಸ್ಟ್ ಪಾಯಿಂಟ್‌ನಲ್ಲಿ 55 ಜನ ಬಿಟ್ಟು ಎಲ್ಲರನ್ನೂ ಮನೆಗೆ ಕಳಿಸಿತು. 1791ರ ನವೆಂಬರಿನಲ್ಲಿ ಜನರಲ್ ಸೇಂಟ್ ಕ್ಲೇರ್ ಖಾಯಂ ಸೈನಿಕರು, ಆರು ತಿಂಗಳ ಲೆವಿ, ಮಿಲಿಷಿಯಾ ಮೂರನ್ನೂ ಬೆರೆಸಿ ಒಹಾಯೊ ಕಾಡಿಗೆ ಹೋದ. ನದಿಯಾಚೆ ಬೇರೆಯಾಗಿ ಮಲಗಿದ್ದ ಮಿಲಿಷಿಯಾದ ಮೇಲೆ ಮೂಲನಿವಾಸಿಗಳು ಮೊದಲು ಬಿದ್ದರು. ಆ ಮಿಲಿಷಿಯಾದವರು ಓಡಿಬಂದು ಉಳಿದವರ ಸಾಲನ್ನೂ ಕೆಡಿಸಿದರು. ಆರು ನೂರಕ್ಕೂ ಹೆಚ್ಚು ಜನ ಸತ್ತರು. ಕೌಪೆನ್ಸ್‌ನಲ್ಲಿ ಇದ್ದ ಪದರಗಳೇ ಇಲ್ಲೂ ಇದ್ದವು. ಯಾರಿಂದ ಎಷ್ಟು ಕೇಳಬಹುದು ಅನ್ನುವ ಅಂದಾಜು ಇರಲಿಲ್ಲ.

ಹಾಗಾದರೆ ಯಾವುದು?

ಹೆಂಡತಿ, ಸಣ್ಣ ಮಕ್ಕಳು, ಸ್ವಂತ ಹೊಲ ಇದ್ದರೆ ಮಿಲಿಷಿಯಾ. ಕ್ಲಾಸಿನ ಸರದಿ ಬಂದಾಗ ಹೋಗಿಬನ್ನಿ. ಸುಗ್ಗಿ ಕಾಲಕ್ಕೆ ಸರದಿ ಬಿದ್ದು ಕೈಯಲ್ಲಿ ದುಡ್ಡಿದ್ದರೆ ಬದಲಿ ಆಳು. ಅಪ್ಪನಿಗೆ ಇನ್ನಿಬ್ಬರು ಗಂಡುಮಕ್ಕಳಿದ್ದು ನಿಮಗೆ ಹದಿನಾರೋ ಹದಿನೇಳೋ ಆಗಿದ್ದರೆ ಮೊದಲು ಲೆವಿ. ಜಮೀನೂ ಇಲ್ಲ, ಕಾಯುವವರೂ ಇಲ್ಲ ಅಂದರೆ ಕಾಂಟಿನೆಂಟಲ್. ಸಹಿ ಹಾಕುವಾಗ ಅವಧಿಯನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಮೂರು ವರ್ಷ ಮುಗಿಸಿ ಊರಿಗೆ ಬಂದ ಮೇಲೆ ಇನ್ನೊಬ್ಬರ ಬದಲಿಗೆ ಹಣ ಪಡೆದು ಮಿಲಿಷಿಯಾದಲ್ಲಿ ಹೋಗುವ ದಾರಿಯೂ ಇತ್ತು. ಕೌಪೆನ್ಸ್‌ನ ಮುಖ್ಯ ಸಾಲಿನಲ್ಲಿ ನಿಂತ ವರ್ಜೀನಿಯಾ ಮಿಲಿಷಿಯಾದವರಲ್ಲಿ ಎಷ್ಟೋ ಜನ ಹೀಗೆ ಬಂದ ಹಳೆಯ ಕಾಂಟಿನೆಂಟಲ್ ಸೈನಿಕರು.

ಪಿಂಚಣಿ ಬೇಕು ಅನ್ನುವವರು ಉದ್ದಕ್ಕೆ ಬದುಕಬೇಕಿತ್ತು. 1818ರಲ್ಲಿ ಬಡತನದಲ್ಲಿದ್ದ ಕಾಂಟಿನೆಂಟಲ್ ಸೈನಿಕರಿಗೆ ತಿಂಗಳಿಗೆ 8 ಡಾಲರ್ ಸಿಕ್ಕಿತು. ಮಾರ್ಟಿನ್‌ಗೂ ಸಿಕ್ಕಿತು. ಮಿಲಿಷಿಯಾ, ಲೆವಿಯವರು 1832ರ ತನಕ ಕಾದರು. ಅದೂ ಕನಿಷ್ಠ ಆರು ತಿಂಗಳ ಸೇವೆ ಇದ್ದವರಿಗೆ.

ಇನ್ನು ಪ್ರಾಜೆಕ್ಟ್. ಪಡೆಯ ಹೆಸರನ್ನು ಕೊನೆಗೆ ಬರೆಯಲು ಮಗುವಿಗೆ ಹೇಳಿ. ಮೊದಲು ಊರು, ವಯಸ್ಸು, ಮನೆಯಲ್ಲಿ ಎಷ್ಟು ಜನ, ಎಷ್ಟು ಎಕರೆ, ಅಣ್ಣ ಇದ್ದಾನೋ ಇಲ್ಲವೋ ಅಂತ ಬರೆಯಲಿ. ಪೆನ್ಸಿಲ್ವೇನಿಯಾದ ಊರಾದರೆ ಎಂಟರಲ್ಲಿ ತನಗೆ ಬಿದ್ದದ್ದು ಎಷ್ಟನೇ ಕ್ಲಾಸು, ಅದು ಬಿತ್ತನೆಗೆ ಬಂತೋ ಕೊಯ್ಲಿಗೆ ಬಂತೋ ಅಂತಲೂ ಬರೆಯಲಿ.